ಅಕ್ಕ ಅಳಲಿಲ್ಲ, ತಮ್ಮ ಯಾಕೆ ಅಳ್ತಾನೆ?

ಮೇ ಕೊನೆಯಲ್ಲಿ ಶಾಲೆ ಬಾಗಿಲು ತೆರೆಯುವಾಗ ಅರಕಲಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಆಲೂಗೆಡ್ಡೆ ಬಿತ್ತನೆ, ರಾಮನಾಥಪುರ, ಕೊಣನೂರು ಕಡೆ ಹೊಗೆಸೊಪ್ಪಿನ ಸಸಿ ನಾಟಿ, ಎಲ್ಲವೂ ಅದೇ ಹೊತ್ತಿಗೆ. ಅಂಥ ಬೆಳಿಗ್ಗೆ ಒಂದನೇ ಕ್ಲಾಸಿನ ಹುಡುಗ ಶಾಲೆಯ ಗೇಟು ಹಿಡಿದು ನಿಂತುಬಿಟ್ಟರೆ ಮನೆಯವರ ಬಾಯಿಂದ ಬರುವ ಮೊದಲ ಮಾತು: ‘ನಿಮ್ಮಕ್ಕ ಒಂದಿನಾನೂ ಅಳ್ಲಿಲ್ಲ, ನಿಂಗೇನೋ ಬಂದಿರೋದು?’ ಅವಸರದ ಸಿಟ್ಟು ಹೌದು. ಅದರ ಬೆನ್ನಿಗೆ ಕೆಲವು ಹಳೆಯ ನಂಬಿಕೆಗಳೂ ಇವೆ.

ತಪ್ಪು ಕಲ್ಪನೆ: ಒಂದೇ ಮನೆ, ಒಂದೇ ಸಾಕಣೆ. ಮಕ್ಕಳೂ ಒಂದೇ ಥರ ಇರಬೇಕು.

ಸತ್ಯ: ಸ್ವಭಾವದ ವ್ಯತ್ಯಾಸ ಕೂಸಾಗಿದ್ದಾಗಲೇ ಕಾಣುತ್ತದೆ. ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಎಳವೆಯಿಂದ ದೊಡ್ಡವರಾಗುವ ತನಕ ಗಮನಿಸುತ್ತ ಬಂದರು. ಸುಮಾರು ಶೇ 40ರಷ್ಟು ಮಕ್ಕಳು ಹೊಸದಕ್ಕೆ ಸಲೀಸಾಗಿ ಒಗ್ಗುತ್ತಿದ್ದರು. ಶೇ 15ರಷ್ಟು ಮಕ್ಕಳು ಮೊದಲು ಹಿಂದೆ ಸರಿದು, ನೋಡಿ ನೋಡಿ, ಆಮೇಲೆ ಬೆರೆಯುತ್ತಿದ್ದರು. ಶೇ 10ರಷ್ಟು ಮಕ್ಕಳು ಯಾವ ಬದಲಾವಣೆಗೂ ರಂಪ ಮಾಡುತ್ತಿದ್ದರು. ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರಲಿಲ್ಲ. ಒಡಹುಟ್ಟಿದವರೂ ಬೇರೆ ಬೇರೆ ಗುಂಪಿಗೆ ಸೇರಬಹುದು.

ಇನ್ನು ‘ಒಂದೇ ಮನೆ’ ಅನ್ನುವುದೂ ಅರ್ಧ ಸತ್ಯ. ಅಕ್ಕ ಶಾಲೆಗೆ ಸೇರಿದಾಗ ಕೈಹಿಡಿದು ಕರೆದೊಯ್ಯಲು ಅಜ್ಜಿ ಇದ್ದಿರಬಹುದು. ತಮ್ಮ ಸೇರುವಾಗ ಅಜ್ಜಿ ಇಲ್ಲ, ತೊಟ್ಟಿಲಲ್ಲಿ ಇನ್ನೊಂದು ಕೂಸಿದೆ, ಅಮ್ಮ ಕೂಲಿಗೆ ಹೋಗುತ್ತಿದ್ದಾಳೆ. ಸೂರು ಅದೇ ಆದರೂ ಇಬ್ಬರ ಪಾಲಿಗೆ ಬಂದ ಮನೆ ಬೇರೆ.

ತಪ್ಪು ಕಲ್ಪನೆ: ದೊಡ್ಡವರು ಹುಟ್ಟಾ ಜವಾಬ್ದಾರಿ, ಚಿಕ್ಕವರು ಮುದ್ದಿನಿಂದ ಹಾಳು.

ಸತ್ಯ: ಹುಟ್ಟಿದ ಕ್ರಮವೇ ಗುಣ ತೀರ್ಮಾನಿಸುತ್ತದೆ ಎಂಬ ಮಾತು ಹಳೆಯದು. ಜರ್ಮನಿಯ ಸಂಶೋಧಕರು ಅಮೆರಿಕ, ಬ್ರಿಟನ್, ಜರ್ಮನಿಗಳ 20,000ಕ್ಕೂ ಹೆಚ್ಚು ಜನರ ಮಾಹಿತಿ ಪರಿಶೀಲಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಬೆರೆಯುವ ಗುಣ, ಮನಸ್ಸಿನ ಸ್ಥಿರತೆ, ಅಚ್ಚುಕಟ್ಟುತನ ಇವ್ಯಾವುದರ ಮೇಲೂ ಹುಟ್ಟಿದ ಕ್ರಮದ ಪರಿಣಾಮ ಅವರಿಗೆ ಕಾಣಲಿಲ್ಲ. ಹಾಗಾಗಿ ಕಿರಿಯವನ ಅಳುವಿಗೆ ‘ಮುದ್ದು ಜಾಸ್ತಿಯಾಯ್ತು’ ಅನ್ನುವುದು ಉತ್ತರವಾಗಲಾರದು.

ತಪ್ಪು ಕಲ್ಪನೆ: ಅದೇ ಕೋಣೆಯಲ್ಲಿ ಅಕ್ಕ ಇದ್ದಾಳಲ್ಲ, ಇನ್ನೇನು ಭಯ?

ಸತ್ಯ: ಸರ್ಕಾರಿ ಶಾಲೆಯಲ್ಲಿ ಇದು ನಿಜವಾಗಿಯೂ ನಡೆಯುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯವ್ಯಾಪಿಯಾದ ನಲಿ-ಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಮೂರನೇ ಕ್ಲಾಸಿನ ಅಕ್ಕ, ಒಂದನೇ ಕ್ಲಾಸಿನ ತಮ್ಮ ಒಂದೇ ಚಾವಣಿಯಡಿ. ಗುರುತಿನ ಮುಖ ಎದುರಿಗಿದ್ದರೆ ಧೈರ್ಯ ಬರುತ್ತದೆ, ಸುಳ್ಳಲ್ಲ. ಆದರೆ ಅವನು ತನ್ನ ಗುಂಪು ಬಿಟ್ಟು ಅಕ್ಕನ ಲಂಗ ಹಿಡಿದೇ ಕೂತರೆ, ಅವಳು ಕೈಯಲ್ಲಿನ ಕಲಿಕಾ ಕಾರ್ಡು ಬದಿಗಿಟ್ಟು ಅವನ ಮೂಗು ಒರೆಸುತ್ತಾ ಕೂರಬೇಕಾಗುತ್ತದೆ. ಅವಳೂ ಎಂಟು ವರ್ಷದ ಮಗುವೇ. ಮೊದಲ ಕೆಲವು ದಿನ ಪಕ್ಕದಲ್ಲಿ ಕೂರಲಿ. ಆಮೇಲೆ ಅವನದೇ ಓರಗೆಯ ಒಬ್ಬ ಜೊತೆಗಾರ ಸಿಗುವಂತೆ ಮಿಸ್‌ ಹತ್ತಿರ ಮಾತಾಡುವುದು ಒಳ್ಳೆಯದು.

ಅದೇ ಕೋಣೆಯ ಗೋಡೆಯಲ್ಲಿ ಇನ್ನೊಂದು ಪಾಠವಿದೆ. ಅಲ್ಲಿರುವ ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ಅದರದೇ ಮೆಟ್ಟಿಲು. ಬಿತ್ತನೆ ದಿನಗಳಲ್ಲಿ ಶಾಲೆ ತಪ್ಪಿಸಿದ ಮಗು ವಾಪಸು ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಪಕ್ಕದವನು ಎಷ್ಟು ಹತ್ತಿದ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ತರಗತಿ ಕೈಬಿಟ್ಟ ಹೋಲಿಕೆಯನ್ನು ಮನೆ ಮಾತ್ರ ಇನ್ನೂ ಬಿಟ್ಟಿಲ್ಲ.

ತಪ್ಪು ಕಲ್ಪನೆ: ಒಂದನೇ ಕ್ಲಾಸು ಅಂದಮೇಲೆ ಎಲ್ಲರದೂ ಒಂದೇ ವಯಸ್ಸು.

ಸತ್ಯ: ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರ ಜುಲೈನಲ್ಲಿ ಆದೇಶಿಸಿತು. 2025-26ರಿಂದ ಜಾರಿಯಾಗಬೇಕಿದ್ದ ಅದನ್ನು ಪೋಷಕರ ಒತ್ತಾಯದ ಮೇರೆಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ನಿಯಮ ಚಾಚೂ ತಪ್ಪದೆ ಪಾಲಿಸಿದರೂ ಅಂತರ ಉಳಿಯುತ್ತದೆ. ಜುಲೈನಲ್ಲಿ ಹುಟ್ಟಿದ ಅಕ್ಕ ಶಾಲೆಗೆ ಸೇರುವಾಗ ಏಳರ ಹತ್ತಿರ ಇರುತ್ತಾಳೆ. ಮೇನಲ್ಲಿ ಹುಟ್ಟಿದ ತಮ್ಮನಿಗೆ ಆಗತಾನೆ ಆರು ತುಂಬಿರುತ್ತದೆ. ಆ ವಯಸ್ಸಿನಲ್ಲಿ ಹತ್ತು ತಿಂಗಳು ಸಣ್ಣ ಮಾತಲ್ಲ. ಚಡ್ಡಿಯ ಗುಂಡಿ ಹಾಕಿಕೊಳ್ಳುವುದು, ‘ಒಂದಕ್ಕೆ ಹೋಗ್ಬೇಕು ಮಿಸ್’ ಎಂದು ಬಾಯಿಬಿಟ್ಟು ಕೇಳುವುದು, ಸಂಜೆಯ ಬೆಲ್‌ ತನಕ ಎಚ್ಚರವಾಗಿರುವುದು, ಎಲ್ಲಕ್ಕೂ ಆ ತಿಂಗಳುಗಳು ಬೇಕು. ಒಂದನೇ ತರಗತಿಯ ಮಕ್ಕಳನ್ನು ಮೊದಲ ಮೂರು ತಿಂಗಳು ಆಟದ ಮೂಲಕವೇ ಒಗ್ಗಿಸಬೇಕೆಂದು ಎನ್‌ಸಿಇಆರ್‌ಟಿ 2021ರಲ್ಲಿ ‘ವಿದ್ಯಾ ಪ್ರವೇಶ’ ರೂಪಿಸಿದ್ದೂ ಇದಕ್ಕೇ.

ತಪ್ಪು ಕಲ್ಪನೆ: ಅಳುವ ಮಗು ಹೊಂದಿಕೊಂಡಿಲ್ಲ, ಸುಮ್ಮನಿರುವ ಮಗು ಹೊಂದಿಕೊಂಡಿದೆ.

ಸತ್ಯ: ಗೇಟಿನ ಹತ್ತಿರ ಹತ್ತು ನಿಮಿಷ ಅತ್ತು, ಆಮೇಲೆ ಬಿಸಿಯೂಟಕ್ಕೆ ತಟ್ಟೆ ಹಿಡಿದು ಓಡುವ ಹುಡುಗ ಚೆನ್ನಾಗಿಯೇ ಇದ್ದಾನೆ. ಇಡೀ ದಿನ ಬಾಯಿ ಬಿಡದೆ ಕೂತು, ಮನೆಗೆ ಬಂದ ಕೂಡಲೇ ಚೀಲ ಎಸೆದು, ಸಣ್ಣದಕ್ಕೂ ಹಟ ಹಿಡಿಯುವ ಹುಡುಗಿಗೆ ಶಾಲೆ ಹೊರೆಯಾಗಿರಬಹುದು. ‘ಅಕ್ಕನಿಗೆ ಏನೂ ಕಷ್ಟ ಆಗಲಿಲ್ಲ’ ಅನ್ನುವ ಮನೆಗಳಲ್ಲಿ ಅವಳ ಮೌನವನ್ನು ಯಾರೂ ಗಮನಿಸದೇ ಇದ್ದಿರಬಹುದು. ಹಾಗಾಗಿ ಮಿಸ್‌ಗೆ ‘ಅಳ್ತಾನಾ?’ ಎಂದು ಕೇಳುವುದರ ಜೊತೆಗೆ ‘ಊಟ ಮಾಡ್ತಾನಾ? ಯಾರ ಜೊತೆ ಆಡ್ತಾನೆ? ಹೋದ ವಾರಕ್ಕಿಂತ ಈ ವಾರ ಹೇಗೆ?’ ಎಂದೂ ಕೇಳಿ.

ತಪ್ಪು ಕಲ್ಪನೆ: ಕಣ್ಣು ತಪ್ಪಿಸಿ ಜಾರಿಕೊಂಡರೆ ಅಥವಾ ಎರಡೇಟು ಬಿಗಿದರೆ ದಾರಿಗೆ ಬರುತ್ತಾನೆ.

ಸತ್ಯ: ಇವತ್ತು ಹೇಳದೆ ಹೋದರೆ ನಾಳೆ ಮಗು ಮನೆಯ ಹೊಸ್ತಿಲಲ್ಲೇ ಸೆರಗು ಹಿಡಿಯುತ್ತದೆ, ಅಮ್ಮ ಯಾವಾಗ ಮಾಯವಾಗುತ್ತಾಳೋ ಎಂಬ ಕಾವಲು ಶುರುವಾಗುತ್ತದೆ. ಹೇಳಿಯೇ ಹೋಗಬೇಕು, ಚುಟುಕಾಗಿ: ‘ಸಂಜೆ ಬೆಲ್‌ ಹೊಡೆದಾಗ ಇದೇ ಗೇಟಲ್ಲಿ ಇರ್ತೀನಿ ಮಗ.’ ಹೇಳಿದ ಮೇಲೆ ಇರಲೇಬೇಕು. ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮನೆಯ ಏಟು ಶಾಲೆಯ ಭಯಕ್ಕೆ ಮನೆಯ ಭಯವನ್ನೂ ಸೇರಿಸುತ್ತದೆ, ಅಷ್ಟೇ.

ಯಾವಾಗ ಚಿಂತಿಸಬೇಕು?

ವಾರಗಳು ಕಳೆದರೂ ಅಳು ಒಂದಿಷ್ಟೂ ತಗ್ಗದಿದ್ದರೆ, ಶಾಲೆಯ ದಿನ ಮಾತ್ರ ಬೆಳಿಗ್ಗೆ ಹೊಟ್ಟೆನೋವು ಬಂದು ಭಾನುವಾರ ಕಾಣದಿದ್ದರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಮನೆಯಲ್ಲಿ ಚಟಪಟ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ ತಡ ಮಾಡಬೇಡಿ. ಮೊದಲು ಕಿವಿ, ಕಣ್ಣು ಪರೀಕ್ಷೆಯಾಗಲಿ. ಸರಿಯಾಗಿ ಕೇಳಿಸದ ಮಗುವನ್ನು ಎಷ್ಟೋ ಸಲ ‘ಹೊಂದಿಕೊಳ್ಳದವನು’ ಎಂದು ಕರೆದುಬಿಡುತ್ತೇವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವರ್ಷಕ್ಕೊಮ್ಮೆ ಶಾಲೆಗೆ ಬರುವ ಆರೋಗ್ಯ ತಂಡಕ್ಕೆ ಇದನ್ನು ತಿಳಿಸಬಹುದು. ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಿದ್ದಾರೆಯೇ ಎಂದು ಗದರದೆ ವಿಚಾರಿಸಿ. ಮನಸ್ಸಿನ ತೊಂದರೆ ಎನಿಸಿದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು, ದುಡ್ಡು ಕೊಡಬೇಕಿಲ್ಲ.