ಜೋಕುಮಾರನ ಏಳು ದಿನ

ಭಾದ್ರಪದ ಮಾಸದಲ್ಲಿ ಗಣೇಶ ಚತುರ್ಥಿ ಕಳೆದು ನಾಲ್ಕು ದಿನಗಳಾಗುವಷ್ಟರಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಇನ್ನೊಬ್ಬ ಅತಿಥಿಯ ಆಗಮನವಾಗುತ್ತದೆ. ಭಾಗ್ಯವಂತಿ ದೇವಿಯ ಕ್ಷೇತ್ರವಾದ ಘತ್ತರಗಿಯ ಪಕ್ಕದಲ್ಲಿ ಹರಿಯುವ ಭೀಮೆಯ ಬಯಲಿನಿಂದ ಬೆಳಗಾವಿ ಸೀಮೆಯ ಘಟಪ್ರಭೆಯವರೆಗೆ ಜನರು ಅವನನ್ನು ಜೋಕುಮಾರನೆಂದು ಕರೆಯುತ್ತಾರೆ. ಅಷ್ಟಮಿಯಂದು ಹುಟ್ಟುವ ಈ ದೇವರು ಹುಣ್ಣಿಮೆಗೆ ಸಾಯುತ್ತಾನೆ. ಅವನ ಆಯುಷ್ಯ ಏಳೇ ದಿನ.

ಹಸಿ ಮಣ್ಣಿನಲ್ಲಿ ಮಾಡಿದ ಅವನ ಮೂರ್ತಿಯನ್ನು ಬೇವಿನ ಸೊಪ್ಪು ತುಂಬಿದ ಬಿದಿರ ಬುಟ್ಟಿಯಲ್ಲಿ ಕುಳ್ಳಿರಿಸಿ, ಬಾಯಿಗೆ ಬೆಣ್ಣೆ ಸವರಿ, ಮಹಿಳೆಯರು ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗುತ್ತಾರೆ. ಅಂಗಳದಲ್ಲಿ ಬುಟ್ಟಿಯಿಳಿಸಿ ಅವನ ಕಥೆಯನ್ನು ಹಾಡುತ್ತಾರೆ. ಮನೆಯವರು ಜೋಳ, ಉಪ್ಪು, ಮೆಣಸಿನಕಾಯಿ ನೀಡಿ ಬೇವಿನ ಎಲೆಯನ್ನು ಪ್ರಸಾದವಾಗಿ ಪಡೆಯುತ್ತಾರೆ. ಹುಣ್ಣಿಮೆಯ ರಾತ್ರಿ ಮೂರ್ತಿಯನ್ನು ಒಡೆಯುತ್ತಾರೆ. ಭೂಲೋಕಕ್ಕೆ ಬಂದ ಗಣಪತಿಯು ಕಡುಬು ತಿಂದು ಹಿಂದಿರುಗಿ ಶಿವನೆದುರು ‘ಎಲ್ಲರೂ ಸುಖವಾಗಿದ್ದಾರೆ’ ಎನ್ನುವನಂತೆ. ಬಡವರ ಕಷ್ಟವನ್ನೂ ಒಣಗಿದ ಹೊಲವನ್ನೂ ಕಣ್ಣಾರೆ ಕಂಡ ಜೋಕುಮಾರನು ಮಾತ್ರ ಇದ್ದುದನ್ನು ಇದ್ದಂತೆಯೇ ಹೇಳಿ ಮಳೆ ತರಿಸುವನಂತೆ. ರೈತನಿಗೆ ಈ ಎರಡನೆಯ ದೇವರ ಮೇಲೆ ಅಕ್ಕರೆ ಹೆಚ್ಚಾದುದರಲ್ಲಿ ಆಶ್ಚರ್ಯವೇನಿದೆ?

ಜನರ ಬಾಯಲ್ಲಿ ಬಾಳಿದ ಇಂತಹ ಕಥೆಯನ್ನು ರಂಗಭೂಮಿಗೆ ತರುವುದು ಸುಲಭದ ಮಾತಲ್ಲ. ಅಮೆರಿಕದ ಒಂದು ನಿದರ್ಶನವನ್ನು ಇಲ್ಲಿ ನೋಡಬಹುದು. ಅಲ್ಲಿನ ಕರಿಯ ಕಾರ್ಮಿಕರು ಜಾನ್ ಹೆನ್ರಿ ಎಂಬ ಕೂಲಿಯಾಳಿನ ಕಥೆಯನ್ನು ಹಾಡಿಕೊಂಡು ಬಂದಿದ್ದರು. ರೈಲುದಾರಿಗಾಗಿ ಸುರಂಗ ಕೊರೆಯುವಲ್ಲಿ ಅವನು ಉಗಿಯಂತ್ರದೊಡನೆ ಪಂಥ ಕಟ್ಟಿ, ಗೆದ್ದು, ಕೈಯಲ್ಲಿ ಸುತ್ತಿಗೆ ಹಿಡಿದಂತೆಯೇ ಪ್ರಾಣ ಬಿಟ್ಟನೆಂಬುದು ಅದರ ಸಾರ. ರೋರ್ಕ್ ಬ್ರಾಡ್‌ಫೋರ್ಡ್ ಎಂಬ ಲೇಖಕನು ಅದನ್ನು ಕಾದಂಬರಿಯಾಗಿಸುವಾಗ ಸುರಂಗವನ್ನು ಬಿಟ್ಟು, ನದಿಯ ಹಡಗುಗಳಿಗೆ ಹತ್ತಿ ಹೇರುವ ಕೆಲಸವನ್ನು ನಾಯಕನಿಗೆ ಒದಗಿಸಿದನು. ಈ ಕೃತಿಯೇ ಮುಂದೆ ಸಂಗೀತ ನಾಟಕವಾಗಿ 1940ರ ಜನವರಿಯಲ್ಲಿ ನ್ಯೂಯಾರ್ಕಿನ ರಂಗವನ್ನೇರಿತು. ಜಗತ್ಪ್ರಸಿದ್ಧ ಗಾಯಕ ಪಾಲ್ ರೋಬ್ಸನ್ ಸ್ವತಃ ನಾಯಕನ ಪಾತ್ರ ವಹಿಸಿದ್ದರು. ಅವರ ಕಂಠವನ್ನು ಹೊಗಳಿದ ವಿಮರ್ಶಕರು ನಾಟಕವನ್ನು ಒಪ್ಪಲಿಲ್ಲ. ಒಂದು ವಾರ ತುಂಬುವ ಮೊದಲೇ ಅದು ನಿಂತುಹೋಯಿತು. ಕಾರ್ಮಿಕರ ಹಾಡು ಮಾತ್ರ ನಿಲ್ಲಲಿಲ್ಲ. ಹಾಡಿನಲ್ಲಿದ್ದ ಸುತ್ತಿಗೆಯ ಲಯ, ದುಡಿಮೆಯ ನೋವು ನಾಟಕದೊಳಕ್ಕೆ ಬಾರದೆ ಉಳಿದವೆಂದೇ ತೋರುತ್ತದೆ.

ಜೋಕುಮಾರನ ಕಥೆ ಬೇರೆಯಾಯಿತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ಬಯಲಾಟ, ಲಾವಣಿಗಳನ್ನು ಕೇಳುತ್ತಲೇ ಬೆಳೆದವರು. ಅವರು ಕಥೆಯೊಡನೆ ಅದನ್ನು ಹೇಳುವ ರೀತಿಯನ್ನೂ ‘ಜೋಕುಮಾರಸ್ವಾಮಿ’ ನಾಟಕಕ್ಕೆ ತಂದರು. ಸೂತ್ರಧಾರ, ಹಿಮ್ಮೇಳ, ಹಾಡು, ಕುಣಿತ, ಉತ್ತರ ಕರ್ನಾಟಕದ ಆಡುಮಾತು ಎಲ್ಲವೂ ಅಲ್ಲಿವೆ. ಬಯಲಾಟವು ಗಣಪತಿಯ ಸ್ತುತಿಯಿಂದ ಆರಂಭವಾಗುವುದು ರೂಢಿ. ಇಲ್ಲಿ ಸೂತ್ರಧಾರನು ಜೋಕುಮಾರನನ್ನು ಪೂಜಿಸಬೇಕೆಂದು ಹೊರಟು ರೂಢಿಯನ್ನೇ ತಿರುವುಮುರುವು ಮಾಡುತ್ತಾನೆ. ನಗುತ್ತಿರುವ ಪ್ರೇಕ್ಷಕನಿಗೆ, ಆಟದ ದೇವರು ಬದಲಾಗಿರುವುದು ತಡವಾಗಿ ಹೊಳೆಯುತ್ತದೆ. 1972ರಲ್ಲಿ ಬಿ. ವಿ. ಕಾರಂತರು ಈ ನಾಟಕವನ್ನು ಬೆಂಗಳೂರಿನಲ್ಲಿ ಬಯಲು ರಂಗದ ಮೇಲೆ ನಿರ್ದೇಶಿಸಿದರು. ಬಾಲ್ಯದಲ್ಲಿಯೇ ಗುಬ್ಬಿ ಕಂಪನಿಯನ್ನು ಸೇರಿದ್ದ ಕಾರಂತರಿಗೆ ಸಂಗೀತವು ನಾಟಕದ ಅಲಂಕಾರವಾಗಿರಲಿಲ್ಲ, ಉಸಿರಾಗಿತ್ತು.

ನಾಟಕದ ಗೌಡನು ಊರಿನ ಹೊಲಗಳೆಲ್ಲ ತನ್ನವೆನ್ನುವ ದರ್ಪಿಷ್ಠ. ಆದರೆ ಅವನಿಗೆ ಮಕ್ಕಳಿಲ್ಲ. ಸಂತಾನವನ್ನು ಬಯಸಿ ಗೌಡತಿಯು ಜೋಕುಮಾರನನ್ನು ಪೂಜಿಸಿ, ಪಡವಲಕಾಯಿಯ ಅಡುಗೆಯನ್ನು ಗಂಡನಿಗೆಂದು ಒಯ್ಯುತ್ತಾಳೆ. ಅದನ್ನು ಉಣ್ಣುವವನು ಗೌಡನಲ್ಲ, ಉಳುವ ರೈತ ಬಸಣ್ಣ. ಉತ್ತವನೇ ಹೊಲದ ಒಡೆಯನೆಂದು ಎದೆಗೊಟ್ಟು ನಿಂತ ಅವನನ್ನು ಗೌಡನ ಕಡೆಯವರು ಕೊಲ್ಲುತ್ತಾರೆ. ಏಳು ದಿನ ಬದುಕಿ, ಹೊಲಗಳನ್ನು ಹಸಿರಾಗಿಸಿ, ಹುಣ್ಣಿಮೆಗೆ ಸಾಯುವ ದೇವರು ಹೀಗೆ ಒಬ್ಬ ರೈತನ ರೂಪದಲ್ಲಿ ರಂಗದ ಮೇಲೆ ಬಂದುಹೋಗುತ್ತಾನೆ.

ಈ ಪ್ರಯೋಗವಾಗಿ ಎರಡು ವರ್ಷಗಳಾಗುವಷ್ಟರಲ್ಲಿ, 1974ರ ಮಾರ್ಚ್ 1ರಂದು, ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯು ಜಾರಿಗೆ ಬಂದಿತು. ಗೇಣಿ ಹೊಲಗಳು ಸರಕಾರದ ವಶಕ್ಕೆ ಸೇರಿ, ಉಳುತ್ತಿದ್ದವರು ಅವುಗಳ ಒಡೆತನಕ್ಕಾಗಿ ಅರ್ಜಿ ಸಲ್ಲಿಸತೊಡಗಿದರು. ಆ ವರ್ಷದ ಭಾದ್ರಪದದಲ್ಲಿಯೂ ಬೇವಿನ ಸೊಪ್ಪಿನ ಬುಟ್ಟಿ ಅಂಗಳದಿಂದ ಅಂಗಳಕ್ಕೆ ಸಾಗಿತು.