ಮೆಲುದನಿಯೂ ಕೇಳಬೇಕು, ನಗು ಕಿವಿಗೆ ಬಡೀಬಾರದು: ಕಂಪ್ರೆಸರ್, ಲಿಮಿಟರ್ ಮಾಡೋ ಕೆಲಸ

ಇವತ್ತು ಮಾತಾಡ್ತಿರೋದು ಸುದ್ದಿ ಬಗ್ಗೆ ಅಲ್ಲ, ಆ ಸುದ್ದಿ ನಿಮ್ಮ ಕಿವಿಗೆ ಎಷ್ಟು ಜೋರಾಗಿ ತಲುಪುತ್ತೆ ಅನ್ನೋದರ ಬಗ್ಗೆ.

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳೋವಾಗ, ಮೆತ್ತಗೆ ಮಾತಾಡೋ ಅತಿಥಿಯ ದನಿ ಕೇಳಿಸಲ್ಲ ಅಂತ ವಾಲ್ಯೂಮ್ ಏರಿಸ್ತೀರಿ. ಅಷ್ಟರಲ್ಲಿ ನಾನು ಜೋರಾಗಿ ನಕ್ಕರೆ? ಪೆಟ್ಟು ಬೀಳೋದು ನಿಮ್ಮ ಕಿವಿಗೆ. ಅದಕ್ಕೇ ಎಪಿಸೋಡ್ ಹೊರಡೋ ಮುಂಚೆ ನಾವು ಕಂಪ್ರೆಸರ್, ಲಿಮಿಟರ್ ಬಳಸ್ತೀವಿ.

ಮೊದಲು ಕಂಪ್ರೆಸರ್. ಇದು ಫೈಲ್ ಸೈಜ್ ಕುಗ್ಗಿಸೋದಲ್ಲ. ಜೋರು ದನಿಗೂ ಮೆಲುದನಿಗೂ ಇರೋ ಅಂತರ ಕುಗ್ಗಿಸೋದು. ಡಿಜಿಟಲ್ ಆಡಿಯೋದಲ್ಲಿ 0 ಡೆಸಿಬೆಲ್ ಅಂದ್ರೆ ತುತ್ತತುದಿ, ಉಳಿದದ್ದೆಲ್ಲ ಮೈನಸ್ ಲೆಕ್ಕ. ಅತಿಥಿಯ ದನಿ -24, ನನ್ನ ನಗು -8 ಅಂದ್ಕೊಳ್ಳಿ. ಅಂತರ 16. ನಾನು ಥ್ರೆಶೋಲ್ಡ್ ಅಂದ್ರೆ ಗಡಿಯನ್ನ -20ಕ್ಕೆ, ರೇಶಿಯೋ 4:1ಕ್ಕೆ ಇಡ್ತೀನಿ. ಗಡಿ ದಾಟಿದ ಪ್ರತಿ 4 ಡೆಸಿಬೆಲ್‌ಗೆ 1 ಮಾತ್ರ ಹೊರಗೆ ಬರುತ್ತೆ. ನಗು 12 ದಾಟಿತ್ತು, ಈಗ 3 ಅಷ್ಟೇ, ಅಂದ್ರೆ -17. ಗಡಿಯ ಕೆಳಗಿರೋ ಅತಿಥಿಯ ದನಿ ಇದ್ದ ಹಾಗೇ ಇರುತ್ತೆ. ಅಂತರ 7ಕ್ಕೆ ಇಳೀತು! ಈಗ ಎರಡನ್ನೂ ಒಟ್ಟಿಗೆ ಮೇಲಕ್ಕೆತ್ತಬಹುದು. ಇದಕ್ಕೆ ಮೇಕಪ್ ಗೇನ್ ಅಂತಾರೆ.

ಆದ್ರೆ ಕಂಪ್ರೆಸರ್ ಹಿಡಿತ ಬಿಗಿಯಾಗೋಕೆ ಕೆಲವು ಮಿಲಿಸೆಕೆಂಡ್ ಬೇಕು. ಇದೇ ಅಟ್ಯಾಕ್ ಟೈಮ್. ಮೇಜು ತಟ್ಟಿದ ಸದ್ದು ಅಷ್ಟರಲ್ಲೇ ನುಸುಳಿಬಿಡಬಹುದು. ಅದನ್ನ ಹಿಡಿಯೋಕೆ ಕೊನೆಯಲ್ಲಿ ಲಿಮಿಟರ್ ಇರುತ್ತೆ. -1ಕ್ಕೆ ಇಟ್ಟರೆ ಅದೇ ಚಾವಣಿ, ಅದರಾಚೆ ಸದ್ದು ಹೋಗಲ್ಲ. 0 ದಾಟಿದ್ರೆ ಅಲೆಯ ತುದಿ ಕತ್ತರಿಸಿಹೋಗಿ ದನಿ ಒಡೆದ ಹಾಗೆ ಕೇಳುತ್ತೆ.

ಹಾಗಂತ ಎಲ್ಲವನ್ನೂ ಹಿಂಡಿಬಿಡಬಾರದು. ಮೇಲಕ್ಕೆತ್ತಿದಾಗ ಮಾತಿನ ಜೊತೆ ಫ್ಯಾನ್ ಸದ್ದು, ಉಸಿರಿನ ಸದ್ದೂ ಏರುತ್ತೆ. ಹಿಡಿತ ಸಡಿಲಿಸೋ ಸಮಯ, ಅಂದ್ರೆ ರಿಲೀಸ್, ತೀರಾ ಕಡಿಮೆ ಇಟ್ಟರೆ ಪ್ರತಿ ಮಾತಿನ ನಡುವೆ ಫ್ಯಾನ್ ಗುಯ್‌ಗುಡೋದು ಉಬ್ಬಿ ಉಬ್ಬಿ ಕೇಳುತ್ತೆ. ಏರಿಳಿತವೇ ಇಲ್ಲದ ಮಾತು ಹತ್ತು ನಿಮಿಷಕ್ಕೇ ಸುಸ್ತು ಮಾಡುತ್ತೆ. ಕೋಪ, ಪಿಸುಮಾತು, ಖುಷಿ ಎಲ್ಲ ಒಂದೇ ಮಟ್ಟದಲ್ಲಿದ್ರೆ ಮಾತಿಗೆ ಜೀವ ಎಲ್ಲಿಂದ ಬರಬೇಕು? ಮಾತಿಗೆ ನಾನು 2:1ರಿಂದ 4:1ರ ಒಳಗೇ ಇರ್ತೀನಿ.

ಇಡೀ ಎಪಿಸೋಡಿನ ಸರಾಸರಿ ಜೋರಿಗೂ ಒಂದು ಅಳತೆ ಇದೆ. ಆ್ಯಪಲ್ ಪಾಡ್‌ಕಾಸ್ಟ್ಸ್ ಹೇಳೋದು ಸುಮಾರು -16 ಎಲ್‌ಯುಎಫ್‌ಎಸ್. ಎಲ್ಲರೂ ಇದರ ಆಸುಪಾಸಿನಲ್ಲಿದ್ರೆ, ಒಂದು ಶೋ ಮುಗಿದು ಇನ್ನೊಂದು ಶುರುವಾದಾಗ ನೀವು ಬೆಚ್ಚಿಬೀಳಲ್ಲ.

ಇದೆಲ್ಲ ಬರೀ ನಾಜೂಕಿನ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದ್ರೆ ಬರೀ 4 ಗಂಟೆ. ಇದು ನಿಮ್ಮ ಕಿವಿಗೆ ಬೀಳೋ ಸದ್ದಿನ ಅಳತೆ, ನಮ್ಮ ಮೈನಸ್ ಲೆಕ್ಕ ಬೇರೆ. ಅಂತರ ಕುಗ್ಗಿಸೋದು ನಮ್ಮ ಕೆಲಸ. ವಾಲ್ಯೂಮ್ ಬಟನ್ ಮಾತ್ರ ನಿಮ್ಮ ಕೈಯಲ್ಲೇ ಇದೆ. ಈಗಲೇ ಒಂದೆರಡು ಗೆರೆ ಇಳಿಸಿ ನೋಡಿ. ನನ್ನ ಮಾತು ಇನ್ನೂ ಸ್ಪಷ್ಟವಾಗಿ ಕೇಳಿಸ್ತಿದ್ರೆ, ಅಲ್ಲೇ ಬಿಟ್ಟುಬಿಡಿ.