ಕಬ್ಬಿನ ಬಿಲ್ಲು ಓದಬಲ್ಲವರೂ ಬೇಕು

2025ರ ನವೆಂಬರ್ ಮೊದಲ ವಾರ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕೂತಿದ್ದರು. ಅದರ ಬಿಸಿ ಚಿಕ್ಕೋಡಿ, ಅಥಣಿ, ರಾಯಬಾಗಕ್ಕೂ ಹಬ್ಬಿತ್ತು. ದೂರದಿಂದ ನೋಡಿದವರಿಗೆ ಇದೊಂದು ಒಗಟು. ಆ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ್ದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ) ದರವೇ 3,550. ಅದಕ್ಕಿಂತ ಐವತ್ತು ರೂಪಾಯಿ ಕಡಿಮೆ ಕೊಡಿ ಎಂದು ಯಾರಾದರೂ ರಸ್ತೆಗೆ ಇಳಿಯುತ್ತಾರೆಯೇ?

ಇಳಿಯುತ್ತಾರೆ. 3,550 ಎಂಬುದು ಶೇ 10.25ರಷ್ಟು ಸಕ್ಕರೆ ಇಳುವರಿಗೆ ಕಟ್ಟಿದ ದರ. ಕಟಾವು, ಸಾಗಣೆಯ ಖರ್ಚು ಅದರೊಳಗೇ ಇದೆ. ಕಬ್ಬು ಕಡಿಯುವ ಟೋಳಿಯವರ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಮುರಿದುಕೊಂಡು ಉಳಿದದ್ದು ರೈತನ ಖಾತೆಗೆ ಬೀಳುತ್ತದೆ. ರೈತರು ಕೇಳಿದ್ದು ಇವೆರಡನ್ನೂ ಬಿಟ್ಟು ಕೈಗೆ ಬರುವ 3,500. ನವೆಂಬರ್ 7ರಂದು ಮುಖ್ಯಮಂತ್ರಿಗಳ ಸಭೆಯಲ್ಲಿ ಇತ್ಯರ್ಥವಾದದ್ದು 3,300: ಕಾರ್ಖಾನೆಯಿಂದ 3,250, ಸರ್ಕಾರದಿಂದ 50. ಅದಕ್ಕೂ ಇಳುವರಿಯ ಷರತ್ತು ಅಂಟಿಕೊಂಡೇ ಬಂತು.

ಈ ಲೆಕ್ಕವನ್ನು ಊರ ಕಟ್ಟೆಯ ಮೇಲೆ ಬಿಡಿಸಿ ಹೇಳುವವರು ಇರದಿದ್ದರೆ ಆ ಬೇಡಿಕೆ ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತಿತ್ತು, ಒಳಗಿನವರಿಗೆ ಗೊಂದಲವಾಗುತ್ತಿತ್ತು. ಆದರೆ ಹಾಗೆ ಬಿಡಿಸಿ ಹೇಳುವ ಸೊಸೈಟಿ ಗುಮಾಸ್ತನನ್ನೋ ಡಿಗ್ರಿ ಮುಗಿಸಿ ಮನೆಯಲ್ಲಿರುವ ಹುಡುಗಿಯನ್ನೋ ನಾವು ಚಳವಳಿಗಾರರೆಂದು ಕರೆಯುವುದಿಲ್ಲ. ಅವರೂ ಕರೆದುಕೊಳ್ಳುವುದಿಲ್ಲ. ‘ಚಳವಳಿ ಅಂದರೆ ಮೈಕು, ಹಸಿರು ಶಾಲು, ರಸ್ತೆ ತಡೆ, ನನಗೆ ಭಾಷಣ ಬರಾಂಗಿಲ್ಲ, ಹಂಗಾಗಿ ನನಗಲ್ಲಿ ಕೆಲಸಿಲ್ಲ’ ಎಂಬುದು ಈ ಸೀಮೆಯ ಮೊದಲ ತಪ್ಪು ಕಲ್ಪನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು. ಆ ಬಡ್ಡಿ ಕೇಳಬೇಕಾದರೆ ತೂಕದ ಚೀಟಿಯನ್ನು ತಾರೀಖಿನ ಸಮೇತ ಎತ್ತಿಟ್ಟವರು ಬೇಕು. ಘೋಷಣೆ ಕೂಗುವವರಿಗೆ ಬರವಿಲ್ಲ. ಚೀಟಿ ಜೋಡಿಸುವವರಿಗೆ ಬರ.

ಎರಡನೆಯದು ಇನ್ನೂ ಹಳೆಯ ಮಾತು: ‘ಬಡವರು, ಓದಿಲ್ಲದವರು ತಾವಾಗಿ ಏಳುವುದಿಲ್ಲ, ಹೊರಗಿನವರು ಬಂದು ಎಬ್ಬಿಸಬೇಕು.’ ಇದನ್ನು ನಂಬುವವರು ಒಮ್ಮೆ ನಿಪ್ಪಾಣಿಯ ಚರಿತ್ರೆ ತಿರುವಿ ಹಾಕಬೇಕು. ಹೊರಗಿನವರು ಬಂದದ್ದು ಸುಳ್ಳಲ್ಲ. 1925ರ ಏಪ್ರಿಲ್‌ನಲ್ಲಿ ಬಹಿಷ್ಕೃತ ವರ್ಗಗಳ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರ್ ಇದೇ ಊರಿಗೆ ಬಂದರು. 1981ರ ಮಾರ್ಚ್ 14ರಂದು ತಂಬಾಕಿಗೆ ಬೆಲೆ ಕೇಳಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕೂತಾಗ ಮುಂದಾಳಾಗಿದ್ದವರು ಶೇತ್ಕರಿ ಸಂಘಟನೆಯ ಶರದ್ ಜೋಶಿ. ಸ್ವಿಟ್ಜರ್ಲೆಂಡಿನ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ನೌಕರಿ ಬಿಟ್ಟು ಬಂದವರು ಅವರು. ಆ ಧರಣಿ 24 ದಿನ ನಡೆಯಿತು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ರೈತರು ಬಲಿಯಾದರು. ಇಷ್ಟು ಎಲ್ಲರಿಗೂ ಗೊತ್ತು.

ಆದರೆ ಅದೇ ಊರಿನ ತಂಬಾಕು ವಖಾರಿಗಳಲ್ಲಿ ಒಣಗಿದ ಎಲೆ ಬಡಿದು ಜರಡಿ ಹಿಡಿಯುತ್ತಿದ್ದ ಹೆಂಗಸರ ಕತೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಘಾಟಿನ ಧೂಳು ಮೂಗು, ಕಣ್ಣು ತುಂಬಿ, ಸೀರೆಯ ಮಡಿಕೆಯಲ್ಲೂ ಕೂತು ಮನೆಗೆ ಬರುತ್ತಿತ್ತು. ಕೂಲಿಯೋ ಮಾಲೀಕರು ಹೇಳಿದಷ್ಟು. ಈ ಹೆಂಗಸರು ಸಂಘ ಕಟ್ಟಿಕೊಂಡು ಸಾವಿರಾರು ಸಂಖ್ಯೆಯಲ್ಲಿ ಮುಷ್ಕರ ಹೂಡಿದರು. ಪ್ರಾಧ್ಯಾಪಕ ಸುಭಾಷ ಜೋಶಿ ಜೊತೆಗಿದ್ದರು. ಕಾನೂನು, ಅರ್ಜಿ, ಮಾತುಕತೆ ಅವರಂಥವರಿಗೆ ಗೊತ್ತಿದ್ದ ಕೆಲಸ. ಪಕ್ಕದ ಜರಡಿಯವಳು ಹೆದರಿ ಹಿಂದೆ ಸರಿಯದಂತೆ ನೋಡಿಕೊಳ್ಳುವುದು ಆ ಹೆಂಗಸರಿಗಷ್ಟೇ ಸಾಧ್ಯವಿದ್ದ ಕೆಲಸ.

ಆಗ ಬಂದ ಇನ್ನೊಂದು ಹೊರಗಿನ ತಂಡ ಯುಗಾಂತರ್: ದೀಪಾ ಧನರಾಜ್, ನವ್ರೋಜ್ ಕಾಂಟ್ರಾಕ್ಟರ್, ಅಭಾ ಭೈಯಾ, ಮೀರಾ ರಾವ್. ಅವರಿಗೆ ಬರುತ್ತಿದ್ದದ್ದು ಸಿನಿಮಾ. 1982ರಲ್ಲಿ ಅವರು ಮಾಡಿದ ‘ತಂಬಾಕು ಚಾಕಿಲಾ ಊಬ್ ಆಲಿ’ ಚಿತ್ರದಲ್ಲಿ ಕಾರ್ಮಿಕ ಹೆಂಗಸರೇ ತಮ್ಮ ದುಡಿಮೆಯನ್ನೂ ಸಭೆ-ಮುಷ್ಕರವನ್ನೂ ಕ್ಯಾಮೆರಾ ಮುಂದೆ ಮತ್ತೆ ಮಾಡಿ ತೋರಿಸಿದರು. ಈ ಹಂಚಿಕೆ ನನಗೆ ತುಂಬಾ ಹಿಡಿಸುತ್ತದೆ. ಬಂದವರು ತಮಗೆ ಗೊತ್ತಿದ್ದ ಕೆಲಸ ಮಾಡಿದರು, ಮುಷ್ಕರವನ್ನು ಮುಷ್ಕರದವರಿಗೇ ಬಿಟ್ಟರು. ಅಮೆರಿಕದ ಚಳವಳಿಗಾರ ಬಿಲ್ ಮೋಯರ್ ಚಳವಳಿಯಲ್ಲಿ ನಾಲ್ಕು ಪಾತ್ರಗಳನ್ನು ಎಣಿಸುತ್ತಾನೆ: ನಾಗರಿಕ, ಬಂಡಾಯಗಾರ, ಪರಿವರ್ತಕ, ಸುಧಾರಕ. ಪಟ್ಟಿ ಚೆನ್ನಾಗಿದೆ, ತರಬೇತಿ ಶಿಬಿರಗಳಿಗೆ ಅನುಕೂಲವೂ ಹೌದು. ಆದರೆ ಬೆಳಗ್ಗೆ ಗೇಟಿನಲ್ಲಿ ಜಗಳ, ಮಧ್ಯಾಹ್ನ ಅಧಿಕಾರಿಗಳ ಮುಂದೆ ಮಾತುಕತೆ, ಸಂಜೆ ಓಣಿಯಲ್ಲಿ ವಂತಿಗೆ ಎತ್ತುವ ಹೆಂಗಸನ್ನು ಯಾವ ಖಾನೆಗೆ ಹಾಕುವುದು?

‘ನೊಂದವರು ನೆರವು ಪಡೆಯುವವರು, ಕೊಡುವವರು ಬೇರೆ’ ಎಂಬುದೂ ಇದೇ ಜಾತಿಯ ನಂಬಿಕೆ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರನ್ನು ಏಳನೇ ವಯಸ್ಸಿನಲ್ಲೇ ದೇವರಿಗೆ ಬಿಟ್ಟಿದ್ದರು. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂತು. ಆದರೆ ಕಾಯ್ದೆಯ ಪುಸ್ತಕ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. 1997ರಲ್ಲಿ ಘಟಪ್ರಭಾದಲ್ಲಿ ಹುಟ್ಟಿದ ಮಾಸ್ ಸಂಸ್ಥೆ ದೇವದಾಸಿಯರಾಗಿದ್ದವರೇ ನಡೆಸುವಂಥದ್ದು. ಸೀತವ್ವ ಮುಂದೆ ಅದರ ಮುಖ್ಯಸ್ಥೆಯಾದರು, 2018ರಲ್ಲಿ ಪದ್ಮಶ್ರೀ ಬಂತು. ಮಗಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಲು ಹೊರಟ ತಾಯಿಯ ಎದುರು ಕೂತು ‘ಬ್ಯಾಡವ್ವಾ’ ಎನ್ನುವ ಅಧಿಕಾರ ತಹಶೀಲ್ದಾರರಿಗಿಂತ ಸೀತವ್ವನವರಿಗೇ ಹೆಚ್ಚು.

ಇನ್ನು ಹವಾಮಾನದ ಬಗೆಗಿನ ತಪ್ಪು ಕಲ್ಪನೆ. ‘ಅದು ಪೇಟೆಯವರ ಮಾತು, ನಮಗಿರುವುದು ನೆರೆ, ನೆರೆಗೆ ಕಾರಣ ಅಣೆಕಟ್ಟು’ ಎನ್ನುತ್ತಾರೆ. ಸಾಂಗ್ಲಿ, ಕೊಲ್ಹಾಪುರದವರು ಆಲಮಟ್ಟಿಯ ಕಡೆ ಬೆರಳು ಮಾಡುತ್ತಾರೆ, ನಾವು ಕೊಯ್ನಾದ ಕಡೆ. 2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ ಆಲಮಟ್ಟಿ ಹಿನ್ನೀರನ್ನು ಕಾರಣವೆನ್ನಲಿಲ್ಲ. ಕೆಲವೇ ದಿನ ಸುರಿದ ವಿಪರೀತ ಮಳೆ, ನದಿಪಾತ್ರದ ಒತ್ತುವರಿಗಳನ್ನು ಹೆಸರಿಸಿತು. ಆಗಸ್ಟ್‌ನಲ್ಲಿ ಮುಳುಗುವ ನದಿದಂಡೆಯ ಊರುಗಳೇ ಏಪ್ರಿಲ್‌ನಲ್ಲಿ ಕೃಷ್ಣೆಗೆ ಕೊಯ್ನಾ ನೀರು ಬಿಡಿಸಿ ಎಂದು ಕಾಯುತ್ತವೆ. ಹವಾಮಾನದ ಮಾತು ಇದಕ್ಕಿಂತ ಹತ್ತಿರ ಬರಲಾರದು.

ಮಳೆಗಾಲದಲ್ಲಿ ಕಲ್ಲೋಳ-ಯಡೂರ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ, ಸಿದ್ನಾಳ-ಅಕ್ಕೋಳ ಸೇತುವೆಗಳು ಒಂದೊಂದಾಗಿ ನೀರಿಗೆ ಹೋಗುತ್ತವೆ. ರಾಜಾಪುರ ಬ್ಯಾರೇಜಿನಿಂದ ಬಿಟ್ಟ ನೀರಿನ ಕ್ಯೂಸೆಕ್ ಲೆಕ್ಕವನ್ನು, ದೂಧಗಂಗೆಯ ಮಟ್ಟವನ್ನು ದಿನಾ ಗಮನಿಸಿ, ತಗ್ಗಿನ ಓಣಿಯವರಿಗೆ ರಾತ್ರಿಗೆ ಮೊದಲೇ ಹೇಳಿ ದನಗಳನ್ನು ಹೊರಡಿಸುವವರು ಹವಾಮಾನ ಕಾರ್ಯಕರ್ತರೇ. ಸುಳ್ಳು ವಾಟ್ಸ್ಯಾಪ್ ಸಂದೇಶವನ್ನು ತಮ್ಮ ಗುಂಪಿನಲ್ಲೇ ತಡೆಯುವವರೂ ಅಷ್ಟೇ.

‘ನೀರು ಕುಡಿಯುವ ಕಬ್ಬು ಬೆಳೆದು ಪರಿಸರದ ಮಾತು ಆಡುವ ಹಕ್ಕು ನಮಗೆಲ್ಲಿದೆ’ ಎಂಬ ಸಂಕೋಚವೂ ಉಂಟು. ಕೈ ತೊಳೆದುಕೊಂಡವರೇ ಬರಬೇಕೆಂದರೆ ಚಳವಳಿಗೆ ಯಾರೂ ಬರುವುದಿಲ್ಲ. ನಿಪ್ಪಾಣಿಯ ಹೆಂಗಸರೂ ತಂಬಾಕಿನಲ್ಲೇ ದುಡಿಯುತ್ತ ಹೋರಾಡಿದವರು. ಕಬ್ಬಿನವನಿಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲ: ರವದಿಗೆ ಬೆಂಕಿ ಇಡದೆ ಸಾಲಿನಲ್ಲೇ ಮುಚ್ಚಿದರೆ ಕೂಳೆ ಕಬ್ಬಿಗೆ ತೇವ ಉಳಿಯುತ್ತದೆ, ಹನಿ ನೀರಾವರಿಯಿಂದ ಎಷ್ಟು ನೀರು ಮಿಗುತ್ತದೆ, ಯಾವ ಹೊಲ ನೀರುಂಡು ನೀರುಂಡು ಸವಳಾಗಿದೆ.

ಸವಳು-ಜವಳು ಭೂಮಿಯ ವಿಷಯದಲ್ಲಿ ಗಡಿಯಾಚೆಯ ಶಿರೋಳದಲ್ಲಿ ದತ್ತ ಸಕ್ಕರೆ ಕಾರ್ಖಾನೆ ರೈತರನ್ನು ಕೂಡಿಸಿ, ನೆಲದಡಿ ತೂತಿನ ಪೈಪು ಹೂಳಿಸಿ, ಪಾಳು ಬಿದ್ದ ಹೊಲಗಳಲ್ಲಿ ಮತ್ತೆ ಬೆಳೆ ತೆಗೆಸಿದೆ. ಕೃಷ್ಣೆಯ ದಂಡೆಯ ನಮ್ಮ ಹೊಲಗಳಲ್ಲೂ ಅದು ಆಗಬೇಕಾದ ಕೆಲಸ. ಬಸಿದ ನೀರು ಪಕ್ಕದವರ ಹೊಲ ದಾಟಿಯೇ ಹಳ್ಳ ಸೇರಬೇಕಾದ್ದರಿಂದ ಒಬ್ಬರೇ ಮಾಡಲು ಬರುವುದಿಲ್ಲ. ಎಂಜಿನಿಯರು ಇಳಿಜಾರು ಅಳೆದು ಕೊಡಬಲ್ಲ, ಬ್ಯಾಂಕು ಸಾಲ ಕೊಡಬಹುದು. ಬದುವಿನ ಜಗಳಕ್ಕೆ ಮಾತು ಬಿಟ್ಟ ಎರಡು ಮನೆಗಳನ್ನು ಒಂದೇ ಜಮಖಾನೆಯ ಮೇಲೆ ಕೂರಿಸಲು ಮಾತ್ರ ಎರಡೂ ಮನೆಯಲ್ಲಿ ಚಹಾ ಕುಡಿದ ಹಿರಿಯರೇ ಬೇಕು.